ಅಪ್‌ಡೇಟ್ ಆದ ಮೇಲೆ ಅಡುಗೆಮನೆಗೆ ವೈ-ಫೈ ಬರುತ್ತಿಲ್ಲ: ಬೋರ್ಡು ಬದಲಿಸಬೇಕೆ?

ಪ್ರಶ್ನೆ: ನಮ್ಮದು ಬ್ರಹ್ಮಾವರದ ಹತ್ತಿರ ಮುರಕಲ್ಲಿನ ಹಳೆಯ ಮನೆ. ಜೂನ್ ಮೊದಲ ವಾರದಲ್ಲಿ ನನ್ನ ಆಂಡ್ರಾಯ್ಡ್ ಫೋನು ಹೊಸ ಆವೃತ್ತಿಗೆ ಅಪ್‌ಡೇಟ್ ಆಯಿತು. ಅಂದಿನಿಂದ ಚಾವಡಿಯಲ್ಲಿ ವೈ-ಫೈ ಸರಿಯಾಗಿ ಸಿಕ್ಕಿದರೂ ಅಡುಗೆಮನೆಗೆ ಹೋದರೆ ‘ಕನೆಕ್ಟೆಡ್, ನೋ ಇಂಟರ್ನೆಟ್’ ಎಂದು ಬರುತ್ತದೆ. ಯಜಮಾನರ ಹಳೆಯ ಫೋನಿಗೆ ಅದೇ ಜಾಗದಲ್ಲಿ ತೊಂದರೆ ಇಲ್ಲ. ಉಡುಪಿಯ ಅಂಗಡಿಯೊಂದಕ್ಕೆ ಒಯ್ದಾಗ ‘ನೆಟ್‌ವರ್ಕ್ ರೀಸೆಟ್’ ಮಾಡಿಕೊಟ್ಟರು. ಮನೆಯ ತೊಂದರೆ ಹಾಗೆಯೇ ಉಳಿಯಿತು. ಆಮೇಲೆ ಮಂಗಳೂರಿನ ಕದ್ರಿಯಲ್ಲಿರುವ ಮಗನ ಫ್ಲ್ಯಾಟಿಗೆ ಹೋದರೆ ಅಲ್ಲಿಯ ವೈ-ಫೈ ಸೇರುವುದೇ ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ಮೊದಲ ಸಲ ಅಲ್ಲಿ ಸೇರಿಸುವಾಗ ಮಗ ಫೋನಿನಿಂದ ಏನೋ ಒಂದು ಸಂಖ್ಯೆಯನ್ನು ಬರೆದುಕೊಂಡು ಕಟ್ಟಡದ ಮೇಲ್ವಿಚಾರಕರಿಗೆ ಕೊಟ್ಟಿದ್ದ. ಈಗ ಬ್ಲೂಟೂತ್ ಇಯರ್‌ಫೋನ್ ಕೂಡ ತಾನಾಗಿ ಸೇರುತ್ತಿಲ್ಲ. ಫೋನಿನೊಳಗಿನ ಬೋರ್ಡು ಬದಲಿಸಬೇಕೆಂದು ಅಂಗಡಿಯವರು ಹೇಳುತ್ತಾರೆ. ಅದರ ಬದಲು ಹಳೆಯ ಆವೃತ್ತಿಗೆ ಮರಳಬಹುದೆ?

ಉತ್ತರ: ಬೋರ್ಡು ಬದಲಿಸಬೇಡಿ; ಮುಂದೆ ಹೇಳುವ ಎರಡು ಸಣ್ಣ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಿ ನೋಡುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಹಳೆಯ ಆವೃತ್ತಿಗೆ ಮರಳುವುದೂ ಬೇಡ, ಅದರ ಕಾರಣವನ್ನು ಕೊನೆಯಲ್ಲಿ ಬರೆಯುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ತೊಂದರೆಗಳು ಕಾಣಿಸಿಕೊಂಡ ಕ್ರಮ. ನೀವು ಮೂರು ತೊಂದರೆಗಳನ್ನೂ ಅಪ್‌ಡೇಟಿನ ಲೆಕ್ಕಕ್ಕೆ ಬರೆದಿದ್ದೀರಿ. ಆದರೆ ನಿಮ್ಮ ಮಾತಿನ ಪ್ರಕಾರವೇ ಅಪ್‌ಡೇಟಿನ ಬೆನ್ನಿಗೆ ಬಂದದ್ದು ಅಡುಗೆಮನೆಯ ತೊಂದರೆ ಮಾತ್ರ. ಕದ್ರಿಯ ವೈ-ಫೈ ಮತ್ತು ಇಯರ್‌ಫೋನಿನ ತೊಂದರೆಗಳೆರಡೂ ಅಂಗಡಿಯಲ್ಲಿ ರೀಸೆಟ್ ಮಾಡಿದ ನಂತರ ಹುಟ್ಟಿದವು. ಕಾಯಿಲೆಗೆ ಕೊಟ್ಟ ಮದ್ದಿನಿಂದಲೇ ಇನ್ನೆರಡು ಕಾಯಿಲೆ ಬಂದಂತೆ ಆಗಿದೆ, ಮತ್ತು ಈಗ ಮೂರನ್ನೂ ಒಟ್ಟಿಗೆ ನೋಡಿದವರಿಗೆ ಬೋರ್ಡೇ ಕೆಟ್ಟಿದೆ ಎಂದು ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಬೋರ್ಡಿನ ಸಂಶಯವನ್ನು ತೀರಿಸಿಕೊಳ್ಳೋಣ. ಫೋನಿನೊಳಗಿನ ವೈ-ಫೈ ಚಿಪ್ಪು ನಿಜವಾಗಿ ಕೆಟ್ಟಿದ್ದರೆ ಅದರ ಲಕ್ಷಣಗಳೇ ಬೇರೆ: ವೈ-ಫೈ ಗುಂಡಿ ಬೂದುಬಣ್ಣಕ್ಕೆ ತಿರುಗಿ ಒತ್ತಿದರೂ ಆನ್ ಆಗುವುದಿಲ್ಲ, ಆನ್ ಆದರೂ ಸುತ್ತಲಿನ ಒಂದು ಜಾಲದ ಹೆಸರೂ ಪಟ್ಟಿಯಲ್ಲಿ ಕಾಣುವುದಿಲ್ಲ, ಅಥವಾ ರೂಟರಿನ ಪಕ್ಕದಲ್ಲಿಯೇ ನಿಂತರೂ ಕ್ಷಣಕ್ಕೊಮ್ಮೆ ಕಡಿದುಹೋಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ತೇವಕ್ಕೆ ಫೋನಿನ ಒಳಭಾಗ ತುಕ್ಕು ಹಿಡಿಯುವುದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಕೆಟ್ಟ ಚಿಪ್ಪಿಗೆ ಚಾವಡಿ ಯಾವುದು, ಅಡುಗೆಮನೆ ಯಾವುದು ಎಂಬ ಭೇದ ಇರುವುದಿಲ್ಲ. ನಿಮ್ಮ ಫೋನು ಚಾವಡಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆ. ಇನ್ನೂ ಖಚಿತವಾಗಬೇಕಾದರೆ ಅಡುಗೆಮನೆಯಲ್ಲಿ ನಿಂತು ಯಜಮಾನರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಸಿ, ನಿಮ್ಮ ಫೋನಿನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿ, ಆ ಹಾಟ್‌ಸ್ಪಾಟಿಗೆ ಸೇರಿಸಿ ಹತ್ತು ನಿಮಿಷ ಒಂದು ವೀಡಿಯೊ ನೋಡಿ. ಅದು ತಡೆಯಿಲ್ಲದೆ ಓಡಿದರೆ ಬೋರ್ಡಿನ ಮಾತನ್ನು ಅಲ್ಲಿಗೇ ಬಿಟ್ಟುಬಿಡಬಹುದು. ಇದು ಮೊದಲನೆಯ ಪರೀಕ್ಷೆ, ಖರ್ಚಿಲ್ಲದ್ದು.

ಇನ್ನು ಅಡುಗೆಮನೆಯ ವಿಷಯ. ‘ಕನೆಕ್ಟೆಡ್, ನೋ ಇಂಟರ್ನೆಟ್’ ಎಂಬ ಬರಹವನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ. ಫೋನು ವೈ-ಫೈ ಸೇರುವುದು ಒಂದೇ ಏಟಿಗೆ ನಡೆಯುವ ಕೆಲಸವಲ್ಲ. ಅದು ಮೊದಲು ರೂಟರಿನ ದನಿಯನ್ನು ಕೇಳಬೇಕು, ಆಮೇಲೆ ಪಾಸ್‌ವರ್ಡ್ ತನಗೆ ಗೊತ್ತಿದೆ ಎಂಬುದನ್ನು ರುಜುವಾತುಪಡಿಸಬೇಕು, ಆಮೇಲೆ ರೂಟರಿನಿಂದ 192.168 ಎಂದು ಆರಂಭವಾಗುವಂಥ ಒಂದು ಐಪಿ ವಿಳಾಸವನ್ನು ಪಡೆಯಬೇಕು, ಕೊನೆಗೆ ಆ ವಿಳಾಸದಿಂದ ಹೊರಜಗತ್ತಿಗೆ ಹೋಗಿ ಬರಬೇಕು. ‘ಕನೆಕ್ಟೆಡ್’ ಎಂದರೆ ಮೊದಲ ಮೂರು ಹಂತ ದಾಟಿದೆ ಎಂದು ಅರ್ಥ. ನಾಲ್ಕನೆಯದನ್ನು ಫೋನು ತಾನೇ ಪರೀಕ್ಷಿಸಿ ನೋಡುತ್ತದೆ: ಆಂಡ್ರಾಯ್ಡ್ ಫೋನು ಗೂಗಲ್‌ನ ಒಂದು ನಿಗದಿತ ವಿಳಾಸಕ್ಕೆ ಸದ್ದಿಲ್ಲದೆ ಕೋರಿಕೆ ಕಳುಹಿಸಿ, 204 ಎಂಬ ಸಂಕೇತವಿರುವ ಖಾಲಿ ಉತ್ತರವನ್ನು ನಿರೀಕ್ಷಿಸುತ್ತದೆ. ನಿಗದಿತ ಸಮಯದೊಳಗೆ ಆ ಉತ್ತರ ಬಾರದಿದ್ದರೆ ಇಂಟರ್ನೆಟ್ ಇಲ್ಲವೆಂದು ತೀರ್ಮಾನಿಸಿಬಿಡುತ್ತದೆ. ಅಂದರೆ ಆ ಬರಹ ನಿಮ್ಮ ಇಂಟರ್ನೆಟ್ ಸಂಪರ್ಕದ ಕುರಿತಾದ ತೀರ್ಪಲ್ಲ, ಒಂದು ಸಣ್ಣ ಪರೀಕ್ಷೆಯ ಫಲಿತಾಂಶ ಮಾತ್ರ.

ಈ ಪರೀಕ್ಷೆ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. 2012ರ ಸೆಪ್ಟೆಂಬರ್ 19ರಂದು ಆ್ಯಪಲ್ ಕಂಪನಿ ಐಒಎಸ್ 6 ಬಿಡುಗಡೆ ಮಾಡಿದಾಗ, ಅದನ್ನು ಹಾಕಿಕೊಂಡ ಬಹಳಷ್ಟು ಐಫೋನ್‌ಗಳಲ್ಲಿ ವೈ-ಫೈ ನಿಂತುಹೋಯಿತು. ಫೋನಿನಲ್ಲಾಗಲಿ ಮನೆಯ ರೂಟರಿನಲ್ಲಾಗಲಿ ದೋಷವಿರಲಿಲ್ಲ. ಫೋನು ಪರೀಕ್ಷೆಗೆಂದು ತೆರೆಯುತ್ತಿದ್ದ ಪುಟವೇ ಕಂಪನಿಯ ಸರ್ವರಿನಿಂದ ಕಾಣೆಯಾಗಿತ್ತು. ನಿರೀಕ್ಷಿಸಿದ ಉತ್ತರ ಸಿಗದ ಫೋನುಗಳು, ಹೋಟೆಲು ಮತ್ತು ವಿಮಾನ ನಿಲ್ದಾಣಗಳಲ್ಲಿ ಇರುವಂಥ ಲಾಗಿನ್ ಪುಟ ಇಲ್ಲಿಯೂ ಇರಬೇಕೆಂದು ಭಾವಿಸಿ ಅಲ್ಲೇ ಸಿಕ್ಕಿಹಾಕಿಕೊಂಡವು. ಆ ಪುಟವನ್ನು ಸರ್ವರಿಗೆ ಮರಳಿ ಹಾಕಿದ ಕೂಡಲೇ, ಕೆಲವೇ ಗಂಟೆಗಳಲ್ಲಿ, ಎಲ್ಲವೂ ಸರಿಹೋಯಿತು. ಆ ದಿನ ಅಂಗಡಿಗೆ ಓಡಿದವರಿಗೂ ಬೋರ್ಡು ಬದಲಿಸುವ ಸಲಹೆ ಸಿಕ್ಕಿರಬಹುದು.

ನಿಮ್ಮಲ್ಲಿ ಆ ಪರೀಕ್ಷೆ ಸೋಲುತ್ತಿರುವುದು ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ಕಾರಣವನ್ನು ರೂಟರಿನ ಆಚೆ ಹುಡುಕುವ ಅಗತ್ಯವಿಲ್ಲ. ಫೋನಿಗೂ ರೂಟರಿಗೂ ನಡುವಿನ ಗೋಡೆಗಳಲ್ಲೇ ಹುಡುಕಬೇಕು. ಈಗಿನ ರೂಟರುಗಳು ಎರಡು ತರಂಗಪಟ್ಟಿಗಳಲ್ಲಿ, ಅಂದರೆ ಬ್ಯಾಂಡುಗಳಲ್ಲಿ, ಪ್ರಸಾರ ಮಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯುದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದ್ದು ಅದರ ಅರ್ಧಕ್ಕೂ ಕಡಿಮೆ. ಐದರ ಪಟ್ಟಿ ವೇಗದ್ದು, ಆದರೆ ದೂರ ಹೋಗಲಾರದ್ದು. ಒಂದೇ ಬಲದಲ್ಲಿ ಹೊರಟರೂ, ಗೋಡೆಯೇ ಇಲ್ಲದ ಬಯಲಿನಲ್ಲಿಯೂ, ಅದು ಅಷ್ಟೇ ದೂರದಲ್ಲಿರುವ ಫೋನಿಗೆ ಒಪ್ಪಿಸುವ ಶಕ್ತಿ 2.4ರದ್ದಕ್ಕೆ ಹೋಲಿಸಿದರೆ ಸುಮಾರು ಐದನೆಯ ಒಂದು ಭಾಗ. ಅದರ ಮೇಲೆ ದಪ್ಪ ಗೋಡೆ ಎದುರಾದರೆ ಕಥೆ ಮುಗಿದಂತೆಯೇ.

ನಮ್ಮ ಮುರಕಲ್ಲಿನ ಗೋಡೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು, ಏಕೆಂದರೆ ರೂಟರಿನ ಡಬ್ಬಿಯ ಮೇಲೆ ‘ಇಡೀ ಮನೆಗೆ ಸಾಕು’ ಎಂದು ಅಚ್ಚು ಹಾಕುವವರ ಮನಸ್ಸಿನಲ್ಲಿ ಇರುವುದು ಮರದ ಹಲಗೆ ಮತ್ತು ತೆಳುವಾದ ಜಿಪ್ಸಮ್ ಗೋಡೆಯ ಮನೆಗಳು. ಮುರಕಲ್ಲು ದಪ್ಪ, ಕಬ್ಬಿಣದ ಅಂಶವುಳ್ಳದ್ದು, ಮೈತುಂಬಾ ರಂಧ್ರಗಳಿರುವುದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನೆಲದಲ್ಲಿ ಆ ರಂಧ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹೀರಿಕೊಂಡೇ ಇರುತ್ತವೆ, ಮತ್ತು ಒದ್ದೆಯಾದ ಕಲ್ಲು ಒಣಕಲ್ಲಿಗಿಂತ ಹೆಚ್ಚು ರೇಡಿಯೊ ಅಲೆಯನ್ನು ನುಂಗುತ್ತದೆ. ಹಳೆಯ ಮನೆಗಳಲ್ಲಿ ಅಡುಗೆಮನೆ ಹಿಂಬದಿಯಲ್ಲಿ ಇರುವುದು ವಾಡಿಕೆ. ಎಷ್ಟೋ ಕಡೆ ಮೊದಲು ಹೊರಗೋಡೆಯಾಗಿದ್ದುದರ ಆಚೆಗೆ ಆಮೇಲೆ ಎಬ್ಬಿಸಿದ ಭಾಗ ಅದು. ನಿಮ್ಮ ಫೋನು ಅಪ್‌ಡೇಟ್ ಆದದ್ದು ಜೂನ್ ಮೊದಲ ವಾರ. ಮುಂಗಾರು ಇಳಿಯುವುದೂ ಅದೇ ಹೊತ್ತಿಗೆ. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ, ಆದರೆ ಅಪ್‌ಡೇಟ್ ಒಂದನ್ನೇ ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ.

ಹಾಗಾದರೆ ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳು ಕಾಣುತ್ತಲೇ ಇರುವುದು ಹೇಗೆ ಎಂದು ಕೇಳಬಹುದು. ಆ ಗೆರೆಗಳು ತೋರಿಸುವುದು ರೂಟರಿನ ಮಾತು ಫೋನಿಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ; ಫೋನಿನ ಮಾತು ರೂಟರಿಗೆ ಕೇಳಿಸುತ್ತಿದೆಯೆ ಎಂಬುದನ್ನಲ್ಲ. ಕರೆಂಟಿಗೆ ಸಿಕ್ಕಿಸಿಕೊಂಡು ಕುಳಿತಿರುವ ರೂಟರು ಜೋರಾಗಿ ಮಾತಾಡಬಲ್ಲದು. ಸಣ್ಣ ಬ್ಯಾಟರಿಯ ಮೇಲೆ ಬದುಕುವ ಫೋನಿನದ್ದು ಮೆಲುದನಿ. ಎರಡು ಗೋಡೆಗಳಾಚೆಯಿಂದ ಫೋನು ರೂಟರಿನ ಕೂಗನ್ನು ಕೇಳಿಸಿಕೊಂಡು ತಾನಿನ್ನೂ ಸಂಪರ್ಕದಲ್ಲಿದ್ದೇನೆಂದು ತಿಳಿದಿರುತ್ತದೆ, ಅದರ ಉತ್ತರ ಮಾತ್ರ ಗೋಡೆಯಲ್ಲೇ ಅಡಗಿಹೋಗುತ್ತದೆ. ‘ಕನೆಕ್ಟೆಡ್’ ಮತ್ತು ‘ನೋ ಇಂಟರ್ನೆಟ್’ ಒಂದೇ ಸಾಲಿನಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಯಜಮಾನರ ಫೋನು ಹಳೆಯದು ಎಂದು ಬರೆದಿದ್ದೀರಿ. ಕೆಲವು ವರ್ಷಗಳ ಹಿಂದಿನ ಕಡಿಮೆ ಬೆಲೆಯ ಅನೇಕ ಫೋನುಗಳಿಗೆ 2.4ರ ಪಟ್ಟಿ ಮಾತ್ರ ಗೊತ್ತು. ಆ ಫೋನಿಗೆ ಆಯ್ಕೆಯೇ ಇಲ್ಲ, ಆದ್ದರಿಂದ ಎಡವುವ ಪ್ರಸಂಗವೂ ಇಲ್ಲ.

ಅಪ್‌ಡೇಟಿನ ಪಾತ್ರ ಇಲ್ಲಿಂದ ಶುರುವಾಗುತ್ತದೆ. ವೈ-ಫೈ ಚಿಪ್ಪಿಗೆ ತನ್ನದೇ ಆದ ಒಂದು ಸಣ್ಣ ತಂತ್ರಾಂಶವಿರುತ್ತದೆ, ಮತ್ತು ಅನೇಕ ಫೋನುಗಳಲ್ಲಿ ಆವೃತ್ತಿ ಬದಲಾದಾಗ ಅದೂ ಬದಲಾಗುತ್ತದೆ. ಯಾವ ಪಟ್ಟಿಯನ್ನು ಮೊದಲು ಹಿಡಿಯಬೇಕು, ಸಿಗ್ನಲ್ ಎಷ್ಟು ಕುಸಿದಾಗ ಅದನ್ನು ಬಿಟ್ಟು ಇನ್ನೊಂದಕ್ಕೆ ಹಾರಬೇಕು ಎಂಬ ನಿಯಮಗಳು ಇರುವುದು ಅಲ್ಲಿಯೇ. ಇದಲ್ಲದೆ ‘ವೈ-ಫೈ ದುರ್ಬಲವಾದರೆ ಮೊಬೈಲ್ ಡೇಟಾಕ್ಕೆ ತಾನಾಗಿ ಬದಲಾಗು’ ಎಂಬ ಒಂದು ಸೌಲಭ್ಯ ಹೆಚ್ಚಿನ ಫೋನುಗಳಲ್ಲಿದೆ. ಕಂಪನಿಗೊಂದು ಹೆಸರಿನಲ್ಲಿ, ಸಾಮಾನ್ಯವಾಗಿ ವೈ-ಫೈ ಸೆಟ್ಟಿಂಗಿನ ಒಳಪುಟದಲ್ಲಿ ಅದು ಇರುತ್ತದೆ. ನನ್ನ ಊಹೆ ಹೀಗೆ: ಅಡುಗೆಮನೆಯಲ್ಲಿ ನಿಮ್ಮ ವೈ-ಫೈ ಹಿಂದೆಯೂ ಸೊರಗುತ್ತಿತ್ತು, ಆದರೆ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿಕೊಂಡು ಕೆಲಸ ನಡೆಸುತ್ತಿದ್ದುದರಿಂದ ನಿಮಗೆ ಗೊತ್ತಾಗಲಿಲ್ಲ. ಅಪ್‌ಡೇಟಿನಲ್ಲಿ ಆ ಸೌಲಭ್ಯ ಬಂದ್ ಆಗಿರಬಹುದು, ಅಥವಾ ಅದರ ನಿಯಮ ಬಿಗಿಯಾಗಿರಬಹುದು. ಇದುವರೆಗೆ ಮುಚ್ಚಿಕೊಂಡಿದ್ದ ದೌರ್ಬಲ್ಯ ಈಗ ಹೊರಗೆ ಕಾಣುತ್ತಿದೆ. ಮೇ ತಿಂಗಳಿನ ಮೊಬೈಲ್ ಡೇಟಾ ಖರ್ಚನ್ನೂ ಈಗಿನದನ್ನೂ ಸೆಟ್ಟಿಂಗಿನಲ್ಲಿ ಹೋಲಿಸಿ ನೋಡಿ. ಮನೆಯಲ್ಲೇ ಇದ್ದೂ ಮೇ ತಿಂಗಳಲ್ಲಿ ಡೇಟಾ ಧಾರಾಳವಾಗಿ ಖರ್ಚಾಗಿದ್ದರೆ ಊಹೆ ಸರಿಯೆಂದು ತಿಳಿಯಿರಿ.

ಎರಡನೆಯ ಪರೀಕ್ಷೆ ಇದನ್ನು ಖಚಿತಪಡಿಸುತ್ತದೆ. ಮೊಬೈಲ್ ಡೇಟಾ ಬಂದ್ ಮಾಡಿ ಅಡುಗೆಮನೆಗೆ ಹೋಗಿ, ತೊಂದರೆ ಕಾಣಿಸಿಕೊಂಡಾಗ ವೈ-ಫೈ ಪಟ್ಟಿಯಲ್ಲಿ ನಿಮ್ಮ ಜಾಲದ ಹೆಸರಿನ ಪಕ್ಕದ ಗಾಲಿಯಾಕಾರದ ಗುರುತನ್ನು ಒತ್ತಿ. ಅಲ್ಲಿ ಫ್ರೀಕ್ವೆನ್ಸಿ ಎಂಬ ಸಾಲಿನ ಎದುರು 5 ಗಿಗಾಹರ್ಟ್ಸ್ ಎಂದಿದ್ದರೆ ನಾನು ಹೇಳಿದ್ದೇ ಕಾರಣ. 2.4 ಎಂದಿದ್ದರೆ ಗೋಡೆಯ ಜತೆಗೆ ಬೇರೆ ಏನೋ ಇದೆ, ಅದನ್ನು ಮುಂದೆ ನೋಡೋಣ.

ಪರಿಹಾರವನ್ನು ರೂಟರಿನಲ್ಲಿ ಮಾಡಬೇಕು. ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟು, ಯಾರನ್ನು ಯಾವುದಕ್ಕೆ ಸೇರಿಸುವುದೆಂದು ತಾನೇ ತೀರ್ಮಾನಿಸುವ ಏರ್ಪಾಡು ಈಗಿನ ರೂಟರುಗಳಲ್ಲಿ ಇರುತ್ತದೆ. ಅದಕ್ಕೆ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂದು ಹೆಸರು. ಹೆಸರಿನಷ್ಟು ಜಾಣತನ ಅದಕ್ಕೆ ಇಲ್ಲವೆಂಬುದು ನನ್ನ ಅನುಭವ. ಅದನ್ನು ಬಂದ್ ಮಾಡಿ, ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರಿಡಿ: ಮನೆಯ ಹೆಸರು ಒಂದಕ್ಕೆ, ಅದೇ ಹೆಸರಿನ ಮುಂದೆ 5 ಎಂದು ಇನ್ನೊಂದಕ್ಕೆ. ನಿಮ್ಮ ಫೋನಿನಲ್ಲಿ 2.4ರ ಹೆಸರನ್ನು ಮಾತ್ರ ಉಳಿಸಿಕೊಳ್ಳಿ. 5ರದ್ದು ಟಿವಿಗೆ ಇರಲಿ, ಅದು ರೂಟರಿನ ಎದುರಿಗೇ ಕುಳಿತಿರುತ್ತದೆ. ವೇಗ ಕಡಿಮೆಯಾಗುವುದು ನಿಜ. ಆದರೆ ವಾಟ್ಸಾಪಿನ ವೀಡಿಯೊ ಕರೆಗೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಕು, ಅಷ್ಟನ್ನು 2.4ರ ಪಟ್ಟಿ ನೆಮ್ಮದಿಯಾಗಿ ಕೊಡುತ್ತದೆ. ರೂಟರಿನ ಪುಟ ತೆರೆಯಬೇಕಾದಾಗ ಅದರ ತಳಭಾಗದ ಚೀಟಿಯಲ್ಲಿ ವಿಳಾಸ ಮತ್ತು ಪಾಸ್‌ವರ್ಡ್ ಇರುತ್ತದೆ. ಅದು ಕಷ್ಟವೆನಿಸಿದರೆ ಸಂಪರ್ಕ ಕೊಟ್ಟ ಕೇಬಲಿನವರಿಗೆ ಇಷ್ಟು ಹೇಳಿ: ‘ಎರಡು ಬ್ಯಾಂಡಿಗೂ ಬೇರೆ ಹೆಸರು ಬೇಕು, 2.4ರ ಚಾನೆಲ್ 1, 6, 11ರಲ್ಲಿ ಒಂದಾಗಿರಲಿ, ಅಗಲ 20 ಮೆಗಾಹರ್ಟ್ಸ್ ಇರಲಿ, ಭದ್ರತೆ ಡಬ್ಲ್ಯೂಪಿಎ2 ಎಇಎಸ್ ಇರಲಿ.’ ಐದು ನಿಮಿಷದ ಕೆಲಸ. ಎಷ್ಟೋ ಮಂದಿ ದೂರದಿಂದಲೇ ಮಾಡಿಕೊಡುತ್ತಾರೆ.

ಆ ಸಂಖ್ಯೆಗಳು ಏಕೆಂದರೆ, 2.4ರ ಪಟ್ಟಿಯಲ್ಲಿ ಭಾರತದಲ್ಲಿ ಬಳಸುವ 13 ಚಾನೆಲುಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಪರಸ್ಪರ ತಾಗದಂತೆ ಆರಿಸಬಹುದಾದವು ವಾಡಿಕೆಯಂತೆ ಈ ಮೂರು. ಎಇಎಸ್ ಏಕೆಂದರೆ, ಟಿಕೆಐಪಿ ಎಂಬ ಹಳೆಯ ಗೂಢಲಿಪಿ ಪದ್ಧತಿಯಲ್ಲಿ ಓಡುತ್ತಿರುವ ರೂಟರಿನ ವೇಗ ಸೆಕೆಂಡಿಗೆ 54 ಮೆಗಾಬಿಟ್ಟಿಗೆ ನಿಂತುಬಿಡುತ್ತದೆ, ಮತ್ತು ಹೊಸ ಫೋನುಗಳು ಅಂಥ ಜಾಲಗಳನ್ನು ಅನುಮಾನದಿಂದಲೇ ನೋಡುತ್ತವೆ. ಐಫೋನುಗಳಲ್ಲಂತೂ ‘ವೀಕ್ ಸೆಕ್ಯುರಿಟಿ’ ಎಂಬ ಎಚ್ಚರಿಕೆಯೇ ಬರುತ್ತದೆ. ಎರಡನೆಯ ಪರೀಕ್ಷೆಯಲ್ಲಿ ನಿಮಗೆ 2.4 ಎಂದೇ ಕಂಡಿದ್ದರೆ ಮೊದಲು ಈ ಚಾನೆಲನ್ನು ಬದಲಿಸಿ ನೋಡಿ. ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಇದ್ದರೆ ಅದು ಓಡುತ್ತಿರುವಾಗ ಮಾತ್ರ ತೊಂದರೆಯಾಗುತ್ತದೆಯೆ ಎಂದೂ ಗಮನಿಸಿ, ಏಕೆಂದರೆ ಆ ಒಲೆ ಅನ್ನ ಬಿಸಿಮಾಡುವುದು 2.45 ಗಿಗಾಹರ್ಟ್ಸ್ ಅಲೆಯಿಂದಲೇ. ಜಾಲತಾಣದ ಹೆಸರಿನಿಂದ ಅದರ ವಿಳಾಸವನ್ನು ಯಾರಲ್ಲಿ ಕೇಳಬೇಕೆಂದು ಫೋನಿಗೆ ಹೇಳುವ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಸೆಟ್ಟಿಂಗು ‘ಆಟೊಮ್ಯಾಟಿಕ್’ ಎಂದೇ ಇರಲಿ. ಅಲ್ಲಿ ಯಾರೋ ಜಾಹೀರಾತು ತಡೆಯಲು ಬೇರೆ ವಿಳಾಸ ತುಂಬಿದ್ದರೆ ಕೆಲವು ಜಾಲಗಳಲ್ಲಿ ಇದೇ ‘ನೋ ಇಂಟರ್ನೆಟ್’ ಬರುತ್ತದೆ. ದಿನಾಂಕ ಮತ್ತು ಸಮಯವೂ ಸರಿಯಿರಲಿ.

ರೂಟರು ಇರುವ ಜಾಗದ ಬಗ್ಗೆಯೂ ಒಂದು ಮಾತು. ಚಾವಡಿಯ ಶೋಕೇಸಿನೊಳಗೆ, ಟಿವಿಯ ಹಿಂದೆ, ದೇವರ ಪಟದ ಪಕ್ಕದಲ್ಲಿ ಅದನ್ನು ಅಡಗಿಸಿಡುವುದು ನಮ್ಮಲ್ಲಿ ರೂಢಿ. ಅದನ್ನು ತೆರೆದ ಜಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಅಡುಗೆಮನೆಯ ಕಡೆಗೆ ಹೋಗುವ ಬಾಗಿಲುಗಳ ನೇರಕ್ಕೆ ಇಟ್ಟರೆ ಅಲೆಗಳಿಗೆ ಗೋಡೆಯನ್ನು ಕೊರೆಯುವ ಕಷ್ಟ ತಪ್ಪುತ್ತದೆ, ಬಾಗಿಲಿನಿಂದಲೇ ಹಾದುಹೋಗುತ್ತವೆ. ಅಷ್ಟರಲ್ಲೂ ಸಾಲದಿದ್ದರೆ ಪ್ಲಗ್ಗಿಗೆ ಚುಚ್ಚುವ ಅಗ್ಗದ ರಿಪೀಟರ್ ಕೊಳ್ಳಬೇಡಿ. ಅದು ಕೇಳಿದ್ದನ್ನೇ ಅದೇ ಪಟ್ಟಿಯಲ್ಲಿ ಮತ್ತೆ ಕೂಗುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ರೂಟರಿನಿಂದ ಅಡುಗೆಮನೆಯ ಬದಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅದರ ತುದಿಗೆ ಇನ್ನೊಂದು ಸಾಧಾರಣ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಆಗಿ, ಅಂದರೆ ಕೇಬಲಿನಲ್ಲಿ ಬಂದ ಸಂಪರ್ಕವನ್ನು ಅಲ್ಲಿ ವೈ-ಫೈ ಆಗಿ ಹಂಚುವಂತೆ, ಇಡಿಸುವುದು ಶಾಶ್ವತ ಪರಿಹಾರ. ಸಿಡಿಲಿನ ಕಾಲದಲ್ಲಿ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎಂಬ ಧೈರ್ಯದಿಂದ ಪ್ಲಗ್ ಹಾಗೆಯೇ ಬಿಟ್ಟವರ ರೂಟರುಗಳು ಸುಟ್ಟದ್ದನ್ನು ನಾನು ಪ್ರತಿ ಮಳೆಗಾಲದ ಆಚೀಚೆ ನೋಡುತ್ತೇನೆ. ಸಿಡಿಲು ಬರುವುದು ಕರೆಂಟಿನ ದಾರಿಯಲ್ಲಿ.

ಈಗ ಕದ್ರಿಯ ಫ್ಲ್ಯಾಟಿಗೆ ಬರೋಣ. ಮಗ ಸಂಖ್ಯೆಯೊಂದನ್ನು ಬರೆದು ಮೇಲ್ವಿಚಾರಕರಿಗೆ ಕೊಟ್ಟಿದ್ದ ಎಂದು ನೀವು ಒಂದು ಸಾಲಿನಲ್ಲಿ ಬರೆದದ್ದೇ ಈ ತೊಂದರೆಯ ಕೀಲಿಕೈ. ಆ ಸಂಖ್ಯೆ ಫೋನಿನ ಮ್ಯಾಕ್ ವಿಳಾಸ, ಅಂದರೆ ವೈ-ಫೈ ಜಾಲಕ್ಕೆ ಫೋನು ತೋರಿಸುವ ಗುರುತಿನ ಸಂಖ್ಯೆ. ಅದರಲ್ಲಿ ಎರಡೆರಡಾಗಿ ಬರೆದ ಹನ್ನೆರಡು ಚಿಹ್ನೆಗಳಿರುತ್ತವೆ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಎ ಯಿಂದ ಎಫ್‌ವರೆಗಿನ ಅಕ್ಷರಗಳು. ಆ ಕಟ್ಟಡದಲ್ಲಿ ಪಟ್ಟಿಗೆ ಸೇರಿಸಿದ ಮ್ಯಾಕ್ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡುವ ವ್ಯವಸ್ಥೆ ಇದೆ. ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಪಟ್ಟಿಯಲ್ಲಿಲ್ಲದ ವಿಳಾಸವನ್ನು ಅಲ್ಲಿಯ ರೂಟರು ಬಾಗಿಲಿನಿಂದಲೇ ವಾಪಸು ಕಳುಹಿಸುತ್ತದೆ.

ತೊಂದರೆ ಎಲ್ಲಿ ಹುಟ್ಟಿತೆಂದರೆ, ಆಂಡ್ರಾಯ್ಡ್ 10ರಿಂದ, ಅಂದರೆ 2019ರಿಂದ, ಹೊಸದಾಗಿ ಸೇರಿಸುವ ಪ್ರತಿಯೊಂದು ಜಾಲಕ್ಕೂ ಫೋನು ತನ್ನ ನಿಜವಾದ ಮ್ಯಾಕ್ ವಿಳಾಸವನ್ನು ಕೊಡದೆ, ಆ ಜಾಲಕ್ಕೆಂದೇ ಹುಟ್ಟಿಸಿದ ಒಂದು ಹುಸಿ ವಿಳಾಸವನ್ನು ಕೊಡುತ್ತದೆ. ಐಫೋನ್‌ಗಳಲ್ಲಿ ಇದು 2020ರ ಐಒಎಸ್ 14ರಲ್ಲಿ ಬಂತು. ಇದರ ಉದ್ದೇಶ ಒಳ್ಳೆಯದೇ: ಮಾಲಿನಿಂದ ಮಾಲಿಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಒಬ್ಬರ ಫೋನಿನ ಜಾಡು ಹಿಡಿಯಲು ಯಾರಿಗೂ ಆಗಬಾರದು. ನಿಮ್ಮ ಮಗ ಮೊದಲ ಸಲ ಸೇರಿಸುವಾಗ ‘ಫೋನಿನ ಮ್ಯಾಕ್ ಬಳಸು’ ಎಂಬ ಆಯ್ಕೆಯನ್ನು ಮಾಡಿ, ಆ ವಿಳಾಸವನ್ನು ಪಟ್ಟಿಗೆ ಬರೆಸಿರಬೇಕು. ಆ ಆಯ್ಕೆ ಉಳಿಸಿದ ಜಾಲದ ಜತೆಗೇ ನೆನಪಿನಲ್ಲಿತ್ತು. ಅಂಗಡಿಯಲ್ಲಿ ನೆಟ್‌ವರ್ಕ್ ರೀಸೆಟ್ ಮಾಡಿದಾಗ ಉಳಿಸಿದ ಎಲ್ಲ ಜಾಲಗಳೂ, ಅವುಗಳ ಜತೆಗೆ ಆ ಆಯ್ಕೆಯೂ ಅಳಿಸಿಹೋದವು. ನೀವು ಮತ್ತೆ ಪಾಸ್‌ವರ್ಡ್ ಹಾಕಿದಾಗ ಫೋನು ತನ್ನ ವಾಡಿಕೆಯಂತೆ ಹುಸಿ ವಿಳಾಸವನ್ನು ಮುಂದಿಟ್ಟಿತು. ಮೇಲ್ವಿಚಾರಕರ ಪಟ್ಟಿಯ ಪ್ರಕಾರ ನೀವೀಗ ಅಪರಿಚಿತರು.

ಸರಿಪಡಿಸುವುದಕ್ಕೆ ಕದ್ರಿಗೆ ಹೋದಾಗ ಆ ಜಾಲದ ಹೆಸರಿನ ಪಕ್ಕದ ಗಾಲಿಯ ಗುರುತನ್ನು ಒತ್ತಿ, ‘ಪ್ರೈವೆಸಿ’ ಅಥವಾ ‘ಮ್ಯಾಕ್ ಅಡ್ರೆಸ್ ಟೈಪ್’ ಎಂಬಲ್ಲಿ ‘ಫೋನ್ ಮ್ಯಾಕ್’ ಅಥವಾ ‘ಡಿವೈಸ್ ಮ್ಯಾಕ್’ ಎಂಬುದನ್ನು ಆರಿಸಿ. ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಆಮೇಲೆ ಒಮ್ಮೆ ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಸೇರಬೇಕು. ಯಾವುದು ನಿಜದ ವಿಳಾಸ, ಯಾವುದು ಹುಸಿ ಎಂದು ಗುರುತಿಸಲು ಒಂದು ಸುಲಭದ ಉಪಾಯವಿದೆ: ಎಡಗಡೆಯಿಂದ ಎರಡನೆಯ ಚಿಹ್ನೆ 2, 6, ಎ ಅಥವಾ ಇ ಆಗಿದ್ದರೆ ಅದು ಹುಟ್ಟಿಸಿದ ವಿಳಾಸ. ಮಗ ಬರೆದುಕೊಟ್ಟ ಸಂಖ್ಯೆಯೇ ಆ ಜಾತಿಯದ್ದಾಗಿದ್ದು, ರೀಸೆಟ್ಟಿನ ನಂತರ ಅದು ಬದಲಾಗಿದ್ದರೆ, ಈಗ ಫೋನಿನ ಮ್ಯಾಕ್ ಆರಿಸಿಕೊಂಡು ಆ ಹೊಸ ಸಂಖ್ಯೆಯನ್ನು ಮೇಲ್ವಿಚಾರಕರಿಗೆ ಕೊಡಬೇಕಾಗುತ್ತದೆ. ಮನೆಯ ಜಾಲಕ್ಕೆ ಇದನ್ನು ಮಾಡುವ ಅಗತ್ಯವಿಲ್ಲ. ಅಲ್ಲಿ ಹುಸಿ ವಿಳಾಸವೇ ಇರಲಿ.

ಇದೇ ಸಾಲಿಗೆ ಸೇರುವ ಇನ್ನೊಂದು ದೂರು ಮಣಿಪಾಲ, ಸುರತ್ಕಲ್, ನಿಟ್ಟೆ ಕಡೆಯ ವಿದ್ಯಾರ್ಥಿಗಳಿಂದ ಆಗಾಗ ಬರುತ್ತದೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಕೇಳುವ ಕಾಲೇಜು ವೈ-ಫೈಗಳಿಗೆ ಸೇರುವಾಗ, ಸರ್ವರಿನ ಪ್ರಮಾಣಪತ್ರವನ್ನು ‘ಪರಿಶೀಲಿಸಬೇಡ’ ಎಂದು ಬಿಟ್ಟುಬಿಡುವ ಆಯ್ಕೆ ಆಂಡ್ರಾಯ್ಡಿನಲ್ಲಿ ಹಿಂದೆ ಇತ್ತು. ಆಂಡ್ರಾಯ್ಡ್ 11ರ ಕಾಲದಲ್ಲಿ, 2020ರ ಡಿಸೆಂಬರ್ ಅಪ್‌ಡೇಟಿನಿಂದ ಮೊದಲ್ಗೊಂಡು, ಅದು ಕ್ರಮೇಣ ಫೋನುಗಳಿಂದ ಮಾಯವಾಯಿತು. ಹಳೆಯ ಫೋನಿನಲ್ಲಿ ನಡೆದದ್ದು ಹೊಸದರಲ್ಲಿ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆಗೆ ಇದೇ ಉತ್ತರ. ಕಾಲೇಜಿನ ಗಣಕ ವಿಭಾಗದಿಂದ ಪ್ರಮಾಣಪತ್ರವನ್ನೂ ಡೊಮೈನ್ ಹೆಸರನ್ನೂ ಕೇಳಿ ತುಂಬಬೇಕು.

ಇಯರ್‌ಫೋನಿನದ್ದು ಎರಡು ಮಾತಿನ ವಿಷಯ. ನೆಟ್‌ವರ್ಕ್ ರೀಸೆಟ್ ಎಂಬುದು ವೈ-ಫೈ ಪಾಸ್‌ವರ್ಡುಗಳ ಜತೆಗೆ ಬ್ಲೂಟೂತ್ ಜೋಡಿಗಳನ್ನೂ ಅಳಿಸುತ್ತದೆ. ಫೋಟೊ, ಸಂದೇಶ, ಫೋನ್ ನಂಬರುಗಳಿಗೆ ಏನೂ ಆಗುವುದಿಲ್ಲ. ಇಯರ್‌ಫೋನಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಹೊಸತಾಗಿ ಜೋಡಿಸಿದರೆ ಆಯಿತು.

ಹಳೆಯ ಆವೃತ್ತಿಗೆ ಮರಳುವ ವಿಚಾರ. ಅಪ್‌ಡೇಟುಗಳು ಎಂದೂ ತಪ್ಪುವುದಿಲ್ಲ ಎಂದು ವಾದಿಸುವವನು ನಾನಲ್ಲ. 2014ರ ಸೆಪ್ಟೆಂಬರಿನಲ್ಲಿ ಐಒಎಸ್ 8.0.1 ಹಾಕಿಕೊಂಡ ಐಫೋನ್ 6 ಮತ್ತು 6 ಪ್ಲಸ್‌ಗಳಲ್ಲಿ ಮೊಬೈಲ್ ಸಂಪರ್ಕವೇ ಹೋಯಿತು. ಕಂಪನಿ ಅದನ್ನು ಸುಮಾರು ಒಂದು ಗಂಟೆಯಲ್ಲಿ ಹಿಂದಕ್ಕೆ ಪಡೆದು, ಮರುದಿನ 8.0.2 ಬಿಟ್ಟಿತು. ಅಂಥ ತಪ್ಪುಗಳು ತಿದ್ದಲ್ಪಡುವುದು ಮುಂದಿನ ಸಣ್ಣ ಅಪ್‌ಡೇಟಿನಿಂದಲೇ ಹೊರತು ಹಿಂದಕ್ಕೆ ಹೋಗುವುದರಿಂದಲ್ಲ. ಆಂಡ್ರಾಯ್ಡಿನಲ್ಲಿ ಹಿಂದಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಬೂಟ್‌ಲೋಡರ್ ಎಂಬ ಬೀಗವನ್ನು ಒಡೆಯಬೇಕು, ಆಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಕೆಲವು ಬ್ಯಾಂಕಿನ ಆ್ಯಪ್‌ಗಳು ಅಂಥ ಫೋನಿನಲ್ಲಿ ತೆರೆಯಲು ಒಪ್ಪುವುದಿಲ್ಲ. ಅನೇಕ ಕಂಪನಿಗಳ ಫೋನುಗಳಲ್ಲಿ ಹಳೆಯದನ್ನು ಹಾಕಲು ಬಾರದಂತೆ ತಡೆಯೂ ಇರುತ್ತದೆ. ಇನ್ನೊಂದು ಕಾರಣ ಭದ್ರತೆಯದು. 2017ರಲ್ಲಿ ಡಬ್ಲ್ಯೂಪಿಎ2 ಪದ್ಧತಿಯಲ್ಲೇ ‘ಕ್ರ್ಯಾಕ್’ ಎಂಬ ಹೆಸರಿನ ದೋಷ ಬೆಳಕಿಗೆ ಬಂದಾಗ, ಹತ್ತಿರದಲ್ಲಿರುವ ದುಷ್ಟರು ವೈ-ಫೈ ಸಂಭಾಷಣೆಯನ್ನು ಕದ್ದು ಓದಬಹುದೆಂಬ ಭಯಕ್ಕೆ ಮದ್ದು ಸಿಕ್ಕಿದ್ದು ಅಪ್‌ಡೇಟುಗಳ ಮೂಲಕವೇ.

ಆದ್ದರಿಂದ ಈಗ ಸೆಟ್ಟಿಂಗಿನಲ್ಲಿ ಇನ್ನೊಂದು ಸಣ್ಣ ಅಪ್‌ಡೇಟ್ ಕಾದಿದೆಯೆ ನೋಡಿ, ಇದ್ದರೆ ಚಾವಡಿಯಲ್ಲಿ ಕುಳಿತು ಹಾಕಿಕೊಳ್ಳಿ. ಕೇಬಲಿನವರಿಗೆ ಮೇಲಿನ ಸಾಲನ್ನು ಓದಿ ಹೇಳಿ. ಒಮ್ಮೆಗೆ ಒಂದನ್ನೇ ಬದಲಿಸಿ, ಒಂದು ದಿನ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಿ. ಮತ್ತೊಮ್ಮೆ ರೀಸೆಟ್ ಮಾತ್ರ ಬೇಡ. ಇಷ್ಟಾದರೂ ಅಡುಗೆಮನೆಯ ತೊಂದರೆ ಹೋಗದಿದ್ದರೆ ಹಾಟ್‌ಸ್ಪಾಟ್ ಪರೀಕ್ಷೆಯಲ್ಲಿ ಏನಾಯಿತು, ಗಾಲಿಯ ಗುರುತಿನೊಳಗೆ ಯಾವ ಫ್ರೀಕ್ವೆನ್ಸಿ ಕಂಡಿತು, ರೂಟರಿಗೂ ಅಡುಗೆಮನೆಗೂ ನಡುವೆ ಎಷ್ಟು ಗೋಡೆಗಳಿವೆ ಎಂಬ ಮೂರನ್ನು ಬರೆದು ಕಳುಹಿಸಿ.